ಕಡಲಿನ ದೂರು, ದಡದ ಶಿಲ್ಪ

ಘೋಷಣೆ ಎಲ್ಲಿ ಮುಗಿಯುತ್ತದೆ, ಕವಿತೆ ಎಲ್ಲಿ ತೊಡಗುತ್ತದೆ ಎಂಬುದು ಬಂಡಾಯದ ದಿನಗಳಲ್ಲಿ ಕನ್ನಡ ವಿಮರ್ಶೆಯನ್ನು ಕಾಡಿದ ಪ್ರಶ್ನೆ. ಕಡಲಿನ ಹೆಸರಿನಲ್ಲಿ ಊರೂರುಗಳಲ್ಲಿ ಎದ್ದು ನಿಲ್ಲುತ್ತಿರುವ ಶಿಲ್ಪಗಳನ್ನು ಕಂಡಾಗ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಕೊಳ್ಳಬೇಕೆನಿಸುತ್ತದೆ.

ತಿಮಿಂಗಿಲಗಳ ವಾಣಿಜ್ಯ ಬೇಟೆಯನ್ನು ತಡೆಯಲು ಅಂತರರಾಷ್ಟ್ರೀಯ ಆಯೋಗ ತೀರ್ಮಾನಿಸಿದ್ದು 1982ರಲ್ಲಿ. ಅದು ಜಾರಿಗೆ ಬಂದದ್ದು 1986ರಲ್ಲಿ. 2019ರಲ್ಲಿ ಜಪಾನ್ ಆ ಆಯೋಗವನ್ನೇ ಬಿಟ್ಟು ತನ್ನ ಕಡಲಿನಲ್ಲಿ ಬೇಟೆಯನ್ನು ಮತ್ತೆ ಆರಂಭಿಸಿತು. ಇಷ್ಟರಲ್ಲಿ ಈಟಿಯ ಜೊತೆಗೆ ಪ್ಲಾಸ್ಟಿಕ್ಕೂ ಸೇರಿಕೊಂಡಿತ್ತು. 2018ರಲ್ಲಿ ಬೆಲ್ಜಿಯಂನ ಬ್ರೂಜ್ ನಗರದ ಕಾಲುವೆಯಲ್ಲಿ, ಹವಾಯಿಯ ಕಡಲತಡಿಗಳಿಂದ ಆಯ್ದು ತಂದ ಐದು ಟನ್ನಿನಷ್ಟು ಪ್ಲಾಸ್ಟಿಕ್ಕಿನಿಂದ ನಾಲ್ಕು ಮಹಡಿ ಎತ್ತರದ ತಿಮಿಂಗಿಲವೊಂದನ್ನು ಕಟ್ಟಿ ನಿಲ್ಲಿಸಿದರು. ನಾನು ಅದನ್ನು ಕಂಡದ್ದು ಚಿತ್ರಗಳಲ್ಲಿ ಮಾತ್ರ. ಕೌಶಲ ದೊಡ್ಡದು, ಉದ್ದೇಶವೂ ದೊಡ್ಡದು. ಆದರೆ ಹವಾಯಿಯ ಕಸ ಬ್ರೂಜ್ ಪೇಟೆಯ ಬೆರಗಾಗುವಾಗ, ನೋಡುವವನಿಗೆ ತನ್ನ ಪಾಲಿನ ಕಸ ಕಾಣದೆ ಹೋಗುವ ಅಪಾಯವಿದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವನು ಹಗುರಾಗಿ ಮನೆಗೆ ಹೋಗುತ್ತಾನೆ.

ಇದಕ್ಕೆ ಎದುರಾಗಿ ನಮ್ಮದೇ ಪಶ್ಚಿಮ ಕರಾವಳಿಯ ಉದಾಹರಣೆಯೊಂದಿದೆ. ಗುಜರಾತಿನ ವೆರಾವಳದಲ್ಲಿ 1990ರ ದಶಕದಲ್ಲಿ ತಿಮಿಂಗಿಲ ಶಾರ್ಕನ್ನು ಎಗ್ಗಿಲ್ಲದೆ ಕೊಲ್ಲುತ್ತಿದ್ದರು. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಅದು ಮೀನೇ. ಅದರ ಈಲಿಯ ಎಣ್ಣೆಯನ್ನು ದೋಣಿಗಳಿಗೆ ಬಳಿಯುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂತು. 2004ರಲ್ಲಿ ಆರಂಭವಾದ ಜಾಗೃತಿಯ ಅಭಿಯಾನದಲ್ಲಿ, ಗಾಳಿ ತುಂಬಿದ ನಿಜಗಾತ್ರದ ಶಾರ್ಕ್ ಬೊಂಬೆಯನ್ನು ಕರಾವಳಿಯ ಊರುಗಳಿಗೆ ಒಯ್ದರು. ಶಿಲ್ಪಕಲೆಯ ದೃಷ್ಟಿಯಿಂದ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಆದರೆ ಕಥಾವಾಚಕ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿದರು. ಆಗ ಬೊಂಬೆಗೆ ಜೀವ ಬಂತು. ತವರಿಗೆ ಬಂದ ಮಗಳನ್ನು ಕೊಲ್ಲುವ ಅಪ್ಪ ಯಾರು? ಮೀನುಗಾರರು ತಾವಾಗಿಯೇ ಬಲೆ ಕತ್ತರಿಸಿ ನೂರಾರು ಶಾರ್ಕುಗಳನ್ನು ಕಡಲಿಗೆ ಬಿಟ್ಟರು. ಕತ್ತರಿಸಿದ ಬಲೆಗೆ ಸರಕಾರ ಪರಿಹಾರವನ್ನೂ ಕೊಟ್ಟಿತು. ಬ್ಯಾಂಕಿನ ಗುಮಾಸ್ತನಾದ ನನಗೆ ಈ ಲೆಕ್ಕವೂ ಮುಖ್ಯವೇ: ಬಡವನ ಬಲೆಯ ಬೆಲೆಯನ್ನು ಮರೆತ ಕಡಲಪ್ರೀತಿ ಬಹಳ ದಿನ ಬಾಳುವುದಿಲ್ಲ.

ಕೃಷ್ಣೆಯ ಸೀಮೆಯ ಮಾಗನೂರಿನವನಿಗೆ ಕಡಲಿನ ಉಸಾಬರಿ ಯಾಕೆಂದು ಓದುಗರು ಕೇಳಬಹುದು. ನಮ್ಮ ಹಳ್ಳದ ನೀರು ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಅದರ ಜೊತೆಗೆ ನಮ್ಮ ಕಸವೂ ಹೋಗುತ್ತದೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ನಮ್ಮ ನೆರೆಯ ಮುಡುಮಾಲದ ಹೊಲಗಳಲ್ಲಿದೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ನಿಲುವುಗಲ್ಲುಗಳು ಅಲ್ಲಿ ಹತ್ತರಿಂದ ಹದಿನಾಲ್ಕು ಅಡಿ ಎತ್ತರಕ್ಕೆ ನಿಂತಿವೆ. 2025ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಪಟ್ಟಿ ಬಂದದ್ದು ಈಚೆಗೆ. ಅಲ್ಲಿಯವರೆಗೆ ಅವುಗಳನ್ನು ಕಾದದ್ದು ಊರಿನವರ ಭಕ್ತಿ. ಬಯಲಿನ ಶಿಲ್ಪ ಉಳಿಯಬೇಕಾದರೆ ಸುತ್ತಲಿನವರು ಅದನ್ನು ತಮ್ಮದೆನ್ನಬೇಕೆಂಬ ಪಾಠವನ್ನು ನಾನು ಕಲಿತದ್ದು ಅಲ್ಲಿ.

ಈ ಅಳತೆಗೋಲನ್ನು ಹಿಡಿದೇ ನಾನು ತಿರುವನಂತಪುರದ ಶಂಖುಮುಖದಲ್ಲಿರುವ 'ಸಾಗರಕನ್ಯಕ'ಳನ್ನು ನೋಡುತ್ತೇನೆ. ಕಾಸರಗೋಡಿನ ಕುಟ್ಟಮತ್ತಿನಲ್ಲಿ 1937ರಲ್ಲಿ ಹುಟ್ಟಿದ ಕಾನಾಯಿ ಕುಞ್ಞಿರಾಮನ್ 1992ರಲ್ಲಿ ಮುಗಿಸಿದ ಈ ಕಾಂಕ್ರೀಟಿನ ಮತ್ಸ್ಯಕನ್ಯೆಯ ಉದ್ದ ಸುಮಾರು 87 ಅಡಿ. ಅವಳಲ್ಲಿ ಸಂದೇಶವಿಲ್ಲ, ಫಲಕದ ಬೋಧೆಯಿಲ್ಲ. ಮರಳಿನ ಏರಿಳಿತವನ್ನೇ ಮೈಯಾಗಿಸಿಕೊಂಡು ಅವಳು ಒರಗಿದ್ದಾಳೆ. ಕಡಲು ಇನ್ನೊಬ್ಬರ ಮನೆ ಎಂಬುದನ್ನು ಆ ನಿಶ್ಚಿಂತೆಯೇ ಹೇಳುತ್ತದೆ. ಪ್ರತಿಭಟನೆಗೆಂದು ಹುಟ್ಟದ ಈ ಶಿಲ್ಪವನ್ನು ಕಾಲವೇ ಪ್ರತಿಭಟನೆಯ ಕಡೆಗೆ ತಳ್ಳಿತು. 2017ರ ಓಖಿಯ ನಂತರದ ವರ್ಷಗಳಲ್ಲಿ ಕಡಲು ಶಂಖುಮುಖದ ದಡವನ್ನು ಕೊರೆಯುತ್ತ ಬಂತು. ದಡದ ರಸ್ತೆಯೂ ಕುಸಿಯಿತು. ಇಂದು ಅವಳ ಎದುರು ನಿಂತವನು ಅವಳ ಚೆಲುವಿನ ಜೊತೆಗೆ ಅವಳ ಮನೆಯ ಮುನಿಸನ್ನೂ ಕಾಣುತ್ತಾನೆ.

2020ರಲ್ಲಿ ಅವಳ ಪಕ್ಕದಲ್ಲೇ, ಪ್ರವಾಸಿಗಳ ಆಕರ್ಷಣೆಗೆಂದು, ಸೇವೆಯಿಂದ ಹೊರಬಂದ ಹೆಲಿಕಾಪ್ಟರೊಂದನ್ನು ತಂದಿಟ್ಟರು. ಶಿಲ್ಪಿ ಬಲವಾಗಿ ವಿರೋಧಿಸಿದರು. ಕಲಾವಿದನ ಅಹಂಕಾರವೆಂದು ಇದನ್ನು ತಳ್ಳಿಹಾಕುವುದು ನನ್ನಿಂದಾಗದು. ಬಯಲಿನ ಶಿಲ್ಪಕ್ಕೆ ಸುತ್ತಲಿನ ಬಯಲೂ ಅಂಗವೇ. ದಡ, ಗಾಳಿ, ದಿಗಂತಗಳನ್ನು ಕಸಿದುಕೊಂಡರೆ ಉಳಿಯುವುದು ಕಾಂಕ್ರೀಟು ಮಾತ್ರ. ಹೆಲಿಕಾಪ್ಟರ್ ಎಂದರೆ ಏನೆಂದು ಕಾಸರಗೋಡಿನ ಓದುಗರಿಗೆ ಬೇರೆ ಹೇಳಬೇಕಿಲ್ಲ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದು ಅದರಿಂದಲೇ. ಆ ವಿಷಕ್ಕೆ ತುತ್ತಾದವರ ನೆನಪಿಗೆ ಇದೇ ಕಾನಾಯಿ ಕಾಸರಗೋಡಿನ ಜಿಲ್ಲಾ ಪಂಚಾಯತಿನ ಆವರಣದಲ್ಲಿ ತಾಯಿ-ಮಗುವಿನ ಶಿಲ್ಪ ಕಟ್ಟಲು ಹೊರಟರು; ಆ ಕೆಲಸ ನಡುವೆ ವರ್ಷಗಟ್ಟಲೆ ನಿಂತುಹೋಗಿತ್ತು. ಅಲ್ಲಿಯೂ ಅವರು ಆರಿಸಿಕೊಂಡ ರೂಪ ತಾಯಿಯದು. ವಿಷದ ಡಬ್ಬಿಯನ್ನು ದೊಡ್ಡದು ಮಾಡಿ ನಿಲ್ಲಿಸಿದ್ದರೆ ಹೆದರಿಕೆ ಹುಟ್ಟುತ್ತಿತ್ತು. ತಾಯಿಯ ಎದುರು ಹುಟ್ಟುವುದು ಹೊಣೆ.

ವೆರಾವಳದ ಮಗಳು, ಶಂಖುಮುಖದ ಕನ್ಯೆ, ಕಾಸರಗೋಡಿನ ತಾಯಿ—ಈ ಮೂವರನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪ್ರತಿಭಟನೆಯ ಶಿಲ್ಪಕ್ಕೆ ಶಕ್ತಿ ಬರುವುದು ನಂಟಿನಿಂದ ಎಂದು ನನಗನಿಸುತ್ತದೆ. ಗಾತ್ರ, ಕಸದ ತೂಕ, ಸಾವಿನ ಪ್ರದರ್ಶನ ಇವೆಲ್ಲ ಆಮೇಲಿನ ಮಾತು. ನಾಳೆ ನಮ್ಮ ಕರಾವಳಿಯಲ್ಲೂ ಪ್ಲಾಸ್ಟಿಕ್ಕಿನ ತಿಮಿಂಗಿಲವೊಂದು ಎದ್ದು ನಿಲ್ಲಬಹುದು. ಉದ್ಘಾಟನೆಯ ದಿನ ಎಷ್ಟು ಜನ ಸೇರಿದರು ಎಂಬುದರಿಂದ ಅದನ್ನು ಅಳೆಯುವುದು ಬೇಡ. ಆ ದಡದ ಮೊಗವೀರರೂ ಮುಕ್ಕುವರೂ ಅದಕ್ಕೆ ತಮ್ಮ ಮಾತಿನಲ್ಲಿ ಒಂದು ಹೆಸರಿಟ್ಟು ಕರೆದರೆ ಶಿಲ್ಪ ಗೆದ್ದಿತು. ಕರೆಯದಿದ್ದರೆ, ಕಡಲಿಗೆ ನಾವು ಸೇರಿಸಿದ ಕಸದ ಲೆಕ್ಕಕ್ಕೆ ಅದನ್ನೂ ಬರೆದುಕೊಳ್ಳಬೇಕಾಗುತ್ತದೆ.