ಹೊಳೆ ಇಳಿದಾಗ ಮೂಡುವ ಪುಳಿನ

ಗದಗು ಜಿಲ್ಲೆಯ ಮಾಗಡಿ ಕೆರೆಗೆ 2024ರಲ್ಲಿ ರಾಮ್‌ಸಾರ್ ಮನ್ನಣೆಯನ್ನು ತಂದುಕೊಟ್ಟ ಪಟ್ಟೆತಲೆಯ ಹೆಬ್ಬಾತುಗಳ ವಿಚಾರವನ್ನು ಈ ವಾರ ಮುಂದುವರಿಸುವೆನೆಂದು ಮಾತು ಕೊಟ್ಟಿದ್ದೆನಷ್ಟೆ. ಆದರೆ ಮೊನ್ನೆ ಕೊಕಟನೂರಿನಿಂದ ದಕ್ಷಿಣಕ್ಕೆ ಹೊರಟು, ಕಬ್ಬಿನ ಹೊಲಗಳ ನಡುವಣ ಬಂಡಿದಾರಿ ಹಿಡಿದು ಕೃಷ್ಣೆಯ ದಂಡೆಗಿಳಿದಾಗ, ನಡುಹೊಳೆಯಲ್ಲಿ ಹೊಸತಾಗಿ ಮೈದೋರಿದ್ದ ಉಸುಕಿನ ದಿನ್ನೆಯೊಂದರ ಮೇಲೆ ಎರಡು ಹೊಳೆರೀವ ಹಕ್ಕಿಗಳನ್ನು ಕಂಡೆ. ಹಿಮಾಲಯದಾಚೆಗೆ ಮರಳುವ ಅತಿಥಿಗಳಿಗಿಂತ ಈ ಮನೆಯವರ ಮಾತೇ ಮೊದಲಾಗಬೇಕೆಂದು ತೋರಿತು.

ನೀರು ನಿಂತಷ್ಟೂ ಹಕ್ಕಿಗೆ ಸುಭಿಕ್ಷವೆಂದು ವಾದಿಸುವ ಪಂಥವೊಂದುಂಟು. ಅದರೊಡನೆ ಈ ಅಂಕಣದ ವ್ಯಾಜ್ಯ ಹಳೆಯದು. ಹಿಪ್ಪರಗಿ ಬ್ಯಾರೇಜಿನ ಹಿನ್ನೀರನ್ನು ತೋರಿಸಿ ಅವರು ನನ್ನ ಬಾಯಿ ಮುಚ್ಚಿಸಲೆಳಸುವರು. ತೇಲುವ ಬಾತಿಗೆ ಹಿನ್ನೀರು ಒದಗೀತು, ನಿಜ. ರೀವವಾದರೋ ಗೂಡನ್ನೇ ಕಟ್ಟದು. ಮಾರ್ಚಿಯಿಂದ ಮೇ ತಿಂಗಳವರೆಗಿನ ಉರಿಬಿಸಿಲಿನಲ್ಲಿ, ಎದೆಯಿಂದ ಒತ್ತಿ ಮಾಡಿದ ಬರಿಯ ಉಸುಕಿನ ತಗ್ಗಿನೊಳಗೆ ಎರಡು ಮೂರು ತತ್ತಿಗಳನ್ನಿಟ್ಟು, ಹೊಟ್ಟೆಯ ಗರಿಗಳನ್ನು ಹೊಳೆಯಲ್ಲಿ ತೋಯಿಸಿಕೊಂಡು ಬಂದು ಅವುಗಳಿಗೆ ತಂಪೆರೆಯುವುದು. ಭದ್ರಾ ಜಲಾಶಯದ ಪ್ರಸಿದ್ಧ ರೀವಸಮೂಹವೂ ಸಂಸಾರ ಹೂಡುವುದು ನೀರಿಳಿದು ನಡುಗಡ್ಡೆಗಳು ತಲೆಯೆತ್ತಿದ ಮೇಲೆಯೇ. ತುಂಬುವುದು ಹೇಗೋ ಹಾಗೆ ಇಳಿಯುವುದೂ ಹೊಳೆಯ ಧರ್ಮ.

ನಮ್ಮ ಪ್ರಾಚೀನ ಕವಿಗಳು ಇದನ್ನು ಬಲ್ಲವರಾಗಿದ್ದರು. ನದಿಯ ವರ್ಣನೆಗೆ ತೊಡಗಿದರೆ ಅವರಿಗೆ ಅಲೆಯಷ್ಟೇ ಪುಳಿನವೂ, ಎಂದರೆ ಉಸುಕಿನ ದಿನ್ನೆಯೂ, ಬೇಕು. ಅದರ ಮೇಲೆ ಹಂಸ, ಚಕ್ರವಾಕ, ಹಕ್ಕಿಯ ಹೆಜ್ಜೆಗಳ ಸಾಲು. ಇಂದು 'ಪುಳಿನ' ನಿಘಂಟಿನಲ್ಲಿ ಉಳಿದಿದೆ. ಅದರ ಅರ್ಥವಾದ ವಸ್ತು ಕಟ್ಟಡದ ಗಾರೆಯೊಳಗೆ ಸೇರಿಹೋಗುತ್ತಿದೆ.

ಉಸುಕು ಉಳಿದೆಡೆಯಲ್ಲಿಯೂ ಬೇರೊಂದು ಭಯವುಂಟು. ಬೇಸಗೆಯಲ್ಲಿ ಕೃಷ್ಣೆ ಬತ್ತಿದಾಗ ನಮ್ಮ ಸರ್ಕಾರವು ಕೊಯ್ನೆಯ ನೀರಿಗಾಗಿ ಮಹಾರಾಷ್ಟ್ರವನ್ನು ಕೇಳುವುದು ವಾಡಿಕೆ. ಅಥಣಿ, ರಾಯಬಾಗಗಳ ಕೊಡಗಳು ಬರಿದಾಗಿರುವಾಗ ಆ ನೀರು ಬೇಡವೆನ್ನುವ ಕಠೋರತೆ ನನಗಿಲ್ಲ. ಆದರೆ ತಿಂಗಳುಗಟ್ಟಲೆ ಒಣಗಿದ ಪಾತ್ರದಲ್ಲಿ ಒಂದೇ ರಾತ್ರಿ ಮೊಳದೆತ್ತರ ನೀರೇರಿದರೆ ದಿನ್ನೆಯ ತತ್ತಿಗಳೆಲ್ಲ ತೇಲಿಹೋಗುವುವು. ಬ್ಯಾರೇಜಿನ ಬಾಗಿಲುಗಳನ್ನು ಮೆಲ್ಲಮೆಲ್ಲನೆ ಎತ್ತಿಳಿಸಿ, ಏರಿಕೆಯನ್ನು ಹಲವು ದಿನಗಳಿಗೆ ಹಂಚಿ, ಎತ್ತರದ ದಿನ್ನೆಗಳ ನೆತ್ತಿಯನ್ನಾದರೂ ಒಣಗಿದಂತೆಯೇ ಉಳಿಸಬಾರದೆ? ಉಸುಕಿನ ಬಂಡಿಗಳು ಮೇ ಮುಗಿಯುವವರೆಗೆ ಅವುಗಳತ್ತ ಸುಳಿಯದಿರಬಾರದೆ?

ರೀವಗಳ ಬಳಿಗೆ ನಾನು ಹೋಗಲಿಲ್ಲ. ತಾಯಿ ಎದ್ದರೆ ತತ್ತಿ ಬೇಯುವುದು. ದಂಡೆಯಲ್ಲಿ ಜಾಲಿಯ ಕೋಲೊಂದನ್ನು ನೆಟ್ಟು, ನೀರಿನ ಮಟ್ಟಕ್ಕೆ ಸುಣ್ಣದ ಗೆರೆಯೆಳೆದು ಬಂದಿದ್ದೇನೆ. ಬರುವ ವಾರ ಹೆಬ್ಬಾತುಗಳಿಗಿಂತ ಮೊದಲು ಆ ಗೆರೆಯ ಸಮಾಚಾರ.