ಕಾದಂಬರಿಗೆ ಸಿಕ್ಕ ಕಾದಂಬರೀ ದೇವಿ

ಬಿ. ವೆಂಕಟಾಚಾರ್ಯರ ಅನುವಾದಗಳ ಕಾಲದಿಂದಲೂ ಬಂಗಾಳದ ಕಥೆಗಳಿಗೆ ಮನಸೋತವರು ನಾವು. ಈಚಿನ ದಶಕಗಳಲ್ಲಿ ಅಲ್ಲಿಯ ಕೆಲವು ಬರಹಗಾರರು ತಮ್ಮ ಕವಿಗುರುವನ್ನೇ ಕಥಾನಾಯಕನನ್ನಾಗಿ ಮಾಡಿಕೊಂಡಿದ್ದಾರೆ. ರವೀಂದ್ರನಾಥರಿಗೂ ಅವರ ಅತ್ತಿಗೆ ಕಾದಂಬರೀ ದೇವಿಗೂ ನಡುವೆ ಇದ್ದ ಒಲವು ಎಂಥದು ಎಂಬುದೇ ವಸ್ತು. (ಆಕೆಯ ಹೆಸರೇ ನಮ್ಮ ಭಾಷೆಯಲ್ಲಿ ಇಂಥ ಪುಸ್ತಕಗಳಿಗೂ ಹೆಸರಾಗಿರುವುದು ವಿಧಿಯ ವಿನೋದವೆನ್ನಬೇಕು.)

ತಿಳಿದಿರುವ ಸಂಗತಿ ಇಷ್ಟು. 1868ರಲ್ಲಿ ಒಂಬತ್ತು ವರ್ಷದ ಹುಡುಗಿ ಜ್ಯೋತಿರಿಂದ್ರನಾಥರ ಹೆಂಡತಿಯಾಗಿ ಜೊರಾಸಾಂಕೋದ ಠಾಕೂರರ ಮನೆಗೆ ಬಂದಳು. ಮೈದುನ ರವಿಗೆ ಆಗ ಏಳು ವರ್ಷ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದರು. 1883ರಲ್ಲಿ ನಮ್ಮ ಕಾರವಾರದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದು ‘ಪ್ರಕೃತಿರ್ ಪ್ರತಿಶೋಧ್’ ಬರೆದ ರವೀಂದ್ರರಿಗೆ ಅದೇ ವರ್ಷದ ಡಿಸೆಂಬರಿನಲ್ಲಿ ಮದುವೆಯಾಯಿತು. 1884ರ ಏಪ್ರಿಲಿನಲ್ಲಿ ಅತ್ತಿಗೆ ಆತ್ಮಹತ್ಯೆ ಮಾಡಿಕೊಂಡಳು. ಆಕೆ ಬರೆದಿಟ್ಟ ಪತ್ರವನ್ನು ಮನೆಯವರು ಇಲ್ಲವಾಗಿಸಿದರೆಂಬ ಮಾತು ಬಂಗಾಳದಲ್ಲಿ ಪ್ರಚಲಿತವಾಗಿದೆ. ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕೆ?

ಸುನೀಲ್ ಗಂಗೋಪಾಧ್ಯಾಯರ ‘ಪ್ರಥಮ್ ಆಲೋ’ ಅರುಣಾ ಚಕ್ರವರ್ತಿಯವರ ಇಂಗ್ಲಿಷ್ ಅನುವಾದದಲ್ಲಿಯೂ ಇದೆ. ತ್ರಿಪುರದ ಅರಮನೆ, ಕಲ್ಕತ್ತೆಯ ರಂಗಭೂಮಿ, ವಿವೇಕಾನಂದರು, ಇಷ್ಟೆಲ್ಲದರ ನಡುವೆ ಆಕೆಯ ಕಥೆ ಒಂದು ಎಳೆ ಮಾತ್ರ. ಅದರಿಂದಲೇ ಅದಕ್ಕೊಂದು ಹದ ಬಂದಿದೆ. ನೂರು ಕೆಲಸಗಳಲ್ಲಿ ಮುಳುಗಿದ ಗಂಡ, ಮಕ್ಕಳಿಲ್ಲದ ಹೆಂಡತಿ, ಬೆಳೆದು ದೂರವಾಗುತ್ತಿರುವ ಮೈದುನ. ತಪ್ಪು ಯಾರದೆಂದು ಬೊಟ್ಟುಮಾಡಲು ಓದುಗನಿಗೆ ಮನಸ್ಸು ಬರುವುದಿಲ್ಲ.

ರಂಜನ್ ಬಂದ್ಯೋಪಾಧ್ಯಾಯರ ‘ಕಾದಂಬರೀ ದೇವೀರ್ ಸುಯಿಸೈಡ್ ನೋಟ್’ ಇನ್ನೂ ಮುಂದೆ ಹೋಗಿ, ಆ ಕಾಣೆಯಾದ ಪತ್ರವನ್ನೇ ಆಕೆಯ ಬಾಯಿಂದ ಬರೆಸುತ್ತದೆ. ಮಾತಿಲ್ಲದೆ ಹೋದವಳಿಗೆ ಮಾತು ಕೊಟ್ಟರೆ ತಪ್ಪೇನು ಎಂದು ಕೇಳಬಹುದು. ನಾವೂ ಮೊದಲು ಹಾಗೆಯೇ ಅಂದುಕೊಂಡೆವು. ಆದರೆ ಕೊಟ್ಟ ಮಾತೆಲ್ಲ ಕೊನೆಗೆ ರವಿಯ ಕಡೆಗೇ ಹರಿದರೆ ಆಕೆಯದೆಂಬುದು ಏನುಳಿಯಿತು? ಪ್ರೇಯಸಿಯ ಪಾತ್ರವೊಂದು ಉಳಿಯಿತು, ಅಷ್ಟೆ.

ನಮ್ಮ ದೂರು ಪ್ರೇಮವನ್ನು ಕಲ್ಪಿಸಿದ್ದರ ಮೇಲಲ್ಲ. ಕಲ್ಪಿಸಬೇಕಾದುದನ್ನು ಬಿಟ್ಟದ್ದರ ಮೇಲೆ. ರವೀಂದ್ರರೇ ಮುಪ್ಪಿನಲ್ಲಿ ‘ಛೆಲೇಬೇಲಾ’ದಲ್ಲಿ ಆ ಮಹಡಿಯ ಸಂಜೆಗಳನ್ನು ನೆನೆದಿದ್ದಾರೆ: ಹಾಸಿದ ಚಾಪೆ, ಬೆಳ್ಳಿ ತಟ್ಟೆಯಲ್ಲಿ ಒದ್ದೆ ಕರವಸ್ತ್ರದ ಮೇಲೆ ಹೂಮಾಲೆ, ಅಣ್ಣನ ಪಿಟೀಲು, ತಮ್ಮನ ಹಾಡು. ಅಲ್ಲಿ ಕುಳಿತಿದ್ದವಳು ಸುಮ್ಮನೆ ಮೆಚ್ಚುವ ಹೆಂಗಸಲ್ಲ. ಬಿಹಾರಿಲಾಲ್ ಚಕ್ರವರ್ತಿಯವರಂತೆ ಬರೆಯುವುದು ನಿನ್ನಿಂದಾಗದು ಎಂದು ಮೈದುನನಿಗೆ ಮುಖಕ್ಕೆ ಹೇಳುತ್ತಿದ್ದವಳು. ಬಿಹಾರಿಲಾಲರಿಗೆ ತಾನೇ ಕಸೂತಿ ಹಾಕಿದ ಆಸನವನ್ನು ಕೊಟ್ಟಿದ್ದಳು. ಆಕೆ ಹೋದಮೇಲೆ ಆ ಕವಿ ‘ಸಾಧೇರ್ ಆಸನ್’ ಬರೆದರು. ಹೊಗಳಿಕೆಯನ್ನು ಅಷ್ಟು ಬಿಗಿಹಿಡಿದ ಓದುಗಳು ಇದ್ದದ್ದರಿಂದಲೇ ಆ ಹುಡುಗ ಹಟ ಹಿಡಿದು ಬರೆದನೇನೋ. ಕವಿಯ ಗುಟ್ಟನ್ನು ಹುಡುಕುವವರು ಇಲ್ಲಿ ಹುಡುಕಬಾರದೆ?

ಸ್ವತಃ ರವೀಂದ್ರರು ಹುಡುಕಿದ್ದು ಇಲ್ಲೇ ಎಂದು ನಮಗೆ ತೋರುತ್ತದೆ. ‘ಜೀವನಸ್ಮೃತಿ’ಯಲ್ಲಿ ಆ ಸಾವಿನ ದುಃಖವನ್ನು ಬರೆದರು, ಹೆಸರೆತ್ತಲಿಲ್ಲ. 1901ರ ‘ನಷ್ಟನೀಡ’ದಲ್ಲಿ ಮೈದುನನಿಗೆ ಮನಸೋತ ಚಾರು ಬರೀ ನಲ್ಲೆಯಲ್ಲ, ಓದುತ್ತಾಳೆ, ತಾನೂ ಬರೆಯುತ್ತಾಳೆ, ಆಕೆಯ ಬರಹ ಅಚ್ಚಾಗುತ್ತದೆ. ಸತ್ಯಜಿತ್ ರಾಯ್ ಅವರ ‘ಚಾರುಲತಾ’ ನೋಡಿದವರಿಗೆ ಇದು ಗೊತ್ತು.

ಮುಂದೆ ಯಾರಾದರೂ ಈ ಕಥೆಯನ್ನು ಮತ್ತೆ ಬರೆಯುವುದಾದರೆ, ಪತ್ರವನ್ನು ಬಿಟ್ಟು ಆ ಕಸೂತಿಯ ಆಸನದಿಂದ ಆರಂಭಿಸಲಿ. ನಾವು ಕೊಂಡು ಓದುತ್ತೇವೆ.