ಚಾವಣಿ ಇರುವ ಗುಡಿ ಹುಡುಕಿ

ಜುಲೈಯಲ್ಲಿ ಈಜಿಪ್ಟಿಗೆ ಹೋಗಬೇಡಿ ಅನ್ನುವುದು ಸುಲಭದ ಸಲಹೆ. ಪ್ರವಾಸದ ಕೈಪಿಡಿಗಳೆಲ್ಲ ಅದನ್ನೇ ಹೇಳುತ್ತವೆ. ಆದರೆ ಸಲಹೆ ಕೇಳುವವರ ಕಷ್ಟ ಬೇರೆ. ಮಗಳು ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇದ್ದಾಳೆ, ಮೊಮ್ಮಕ್ಕಳಿಗೆ ದೊಡ್ಡ ರಜೆ ಸಿಗುವುದೇ ಜುಲೈ-ಆಗಸ್ಟ್‌ನಲ್ಲಿ, ಅಜ್ಜ-ಅಜ್ಜಿ ಬೆಂಗಳೂರಿನಿಂದ ಹೊರಟು ಕೈರೋದಲ್ಲಿ ಅವರನ್ನು ಕೂಡಿಕೊಳ್ಳಬೇಕು. ಅಂಥವರಿಗೆ ನವೆಂಬರ್‌ನಲ್ಲಿ ಹೋಗಿ ಎಂದರೆ ಹೋಗಲೇಬೇಡಿ ಎಂದ ಹಾಗೆ. ಆದ್ದರಿಂದ ಈ ವಾರದ ಮಾತು, ಹೋಗಿಯೇ ತೀರುತ್ತೇವೆ ಎಂದು ನಿಶ್ಚಯಿಸಿದವರಿಗೆ ಮಾತ್ರ.

ಮೊದಲು ಬಿಸಿಲಿನ ಲೆಕ್ಕ. ನಮ್ಮಲ್ಲಿ ಆಷಾಢದ ಮಳೆ ಹಿಡಿದ ಹೊತ್ತಿಗೆ ಲಕ್ಸರ್, ಅಸ್ವಾನ್‌ಗಳಲ್ಲಿ ಮಧ್ಯಾಹ್ನದ ಉಷ್ಣಾಂಶ ಸಾಮಾನ್ಯವಾಗಿ 41 ಡಿಗ್ರಿ ಮುಟ್ಟುತ್ತದೆ. ರಾಯಚೂರು, ಕಲಬುರಗಿಯವರು ಮೇ ತಿಂಗಳಲ್ಲಿ ಇದನ್ನು ಉಂಡವರೇ. ಅಂಕಿ ಕೇಳಿ ಬೆಚ್ಚುವವರಲ್ಲ. ಮೋಸ ಮಾಡುವುದು ಅಲ್ಲಿನ ಒಣ ಹವೆ. ಮಂಗಳೂರಿನ ಸೆಕೆಯಲ್ಲಾದರೆ ಬೆವರು ಅಂಗಿಗೆ ಅಂಟಿ ಎಚ್ಚರಿಸುತ್ತದೆ. ಲಕ್ಸರಿನಲ್ಲಿ ಬೆವರು ಮೂಡಿದ ಕೂಡಲೇ ಆರಿಹೋಗುತ್ತದೆ. ಅಂಗಿ ಗರಿಗರಿಯಾಗಿಯೇ ಇರುತ್ತದೆ, ನನಗೇನೂ ಆಗಿಲ್ಲ ಅನ್ನಿಸುತ್ತದೆ, ಸಂಜೆಗೆ ತಲೆ ಸಿಡಿಯತೊಡಗಿದಾಗ ಮೈಯಲ್ಲಿ ನೀರಿಲ್ಲವೆಂದು ಗೊತ್ತಾಗುತ್ತದೆ. ಬಾಯಾರಿಕೆ ಆದಾಗ ಕುಡಿದರಾಯಿತು ಅನ್ನುವ ಪದ್ಧತಿ ಅಲ್ಲಿ ನಡೆಯದು. ಗಂಟೆ ನೋಡಿಕೊಂಡು ಕುಡಿಯಬೇಕು, ನಡುನಡುವೆ ಓಆರ್‌ಎಸ್ ಪೊಟ್ಟಣವನ್ನೂ ಕದಡಿಕೊಳ್ಳಬೇಕು.

ಇನ್ನು ಗಡಿಯಾರ. 2023ರಿಂದ ಈಜಿಪ್ಟ್ ಬೇಸಿಗೆಯಲ್ಲಿ ಮತ್ತೆ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಿದೆ. ಹಾಗಾಗಿ ಜುಲೈ ನಡುವಿನಲ್ಲಿ ಲಕ್ಸರಿನ ಸೂರ್ಯೋದಯ ಆರು ಗಂಟೆಯ ಆಸುಪಾಸು, ಸೂರ್ಯ ನೆತ್ತಿಗೆ ಬರುವುದು ಸುಮಾರು ಒಂದಕ್ಕೆ, ಮುಳುಗುವುದು ಏಳೂಮುಕ್ಕಾಲರ ಹೊತ್ತಿಗೆ. ನಿಜವಾದ ಉರಿ ಮೂರರಿಂದ ಐದರವರೆಗೆ. 'ನಾಲ್ಕು ಗಂಟೆಗೆ ಬಿಸಿಲು ಇಳಿದಿರುತ್ತದೆ, ಆಗ ಹೊರಡೋಣ' ಎಂಬ ನಮ್ಮೂರ ಅಂದಾಜು ಅಲ್ಲಿ ಕೈಕೊಡುತ್ತದೆ. ಕಾರ್ನಾಕ್ ಗುಡಿಯ, ರಾಜರ ಕಣಿವೆಯ ಬಾಗಿಲು ಬೆಳಿಗ್ಗೆ ಆರಕ್ಕೇ ತೆರೆಯುತ್ತವೆ. ಸೂರ್ಯನ ಜೊತೆಗೇ ಒಳಹೊಕ್ಕರೆ ಹತ್ತರವರೆಗಿನ ನಾಲ್ಕು ತಾಸು ನಿಮ್ಮದು. ಹೋಟೆಲಿನ ಉಪಾಹಾರದ ಆಸೆ ಬಿಡಿ, ಹಿಂದಿನ ರಾತ್ರಿಯೇ ಡಬ್ಬಿ ಕಟ್ಟಿಕೊಡಲು ಹೇಳಿ. ಊಟವಾದ ಮೇಲೆ ನಿದ್ದೆ. ಲಕ್ಸರ್ ನಗರದ ನಡುವಿನ ಗುಡಿ ರಾತ್ರಿಯೂ ದೀಪ ಹಾಕಿಕೊಂಡು ತೆರೆದಿರುತ್ತದೆ. ಅದನ್ನು ಹಗಲಲ್ಲಿ ನೋಡುವುದು ಬೇಸಿಗೆಯಲ್ಲಿ ಶುದ್ಧ ದಂಡ.

ನನ್ನ ಮುಖ್ಯ ತಕರಾರು ಇರುವುದು ಪ್ಯಾಕೇಜುಗಳ ಪಟ್ಟಿಯ ಮೇಲೆ. ಡಿಸೆಂಬರಿಗೆ ಮಾಡಿದ ಪಟ್ಟಿಯನ್ನೇ ಜುಲೈಗೂ ಮಾರುತ್ತಾರೆ. ಪ್ರಸಿದ್ಧಿಯ ಮೇಲೆ ಜಾಗ ಆರಿಸಿದರೆ ಸಿಗುವುದೆಲ್ಲ ಬಯಲು: ಗೀಜಾದ ಪಿರಮಿಡ್ಡುಗಳ ದಿಬ್ಬ, ಮೆಮ್ನಾನ್ ವಿಗ್ರಹಗಳು, ಹತ್ಶೆಪ್ಸುತ್ ರಾಣಿಯ ಗುಡಿ. ಈ ಕೊನೆಯದಂತೂ ಸುಣ್ಣದಕಲ್ಲಿನ ಕಡಿದಾದ ಬೆಟ್ಟಕ್ಕೆ ಬೆನ್ನು ಕೊಟ್ಟು ಪೂರ್ವಕ್ಕೆ ಮುಖ ಮಾಡಿ ಕೂತಿದೆ. ಎಂಟು ಗಂಟೆಗೆಲ್ಲ ಕಾದ ಬಾಣಲೆ. ಬೇಸಿಗೆಯ ಪ್ರವಾಸಿ ಗುಡಿಯನ್ನು ಆರಿಸಬೇಕಾದ್ದು ಹೆಸರು ನೋಡಿ ಅಲ್ಲ, ಚಾವಣಿ ನೋಡಿ. ಫೇರೋಗಳ ಕಾಲದ ಹಳೆಯ ಗುಡಿಗಳ ಮಾಡು ಬಹುತೇಕ ಬಿದ್ದುಹೋಗಿದೆ. ಗ್ರೀಕ್ ಟಾಲೆಮಿಗಳ, ರೋಮನರ ಕಾಲದಲ್ಲಿ ಎದ್ದ ಮೂರು ಗುಡಿಗಳಲ್ಲಿ ಮಾಡು ಇಂದಿಗೂ ನಿಂತಿದೆ: ದೆಂದೆರಾ, ಎಡ್ಫು, ಎಸ್ನಾ. ತಜ್ಞರು ಒಂದು ಕಾಲಕ್ಕೆ ಇವನ್ನು 'ತಡವಾಗಿ ಬಂದವು' ಎಂದು ಮೂಗು ಮುರಿಯುತ್ತಿದ್ದರು. ಜುಲೈಯಲ್ಲಿ ಹೋಗಿ ನೋಡಿದರೆ ಯಾರೂ ಮುರಿಯಲಾರರು.

ಮೂರರಲ್ಲಿ ಒಂದೇ ನೋಡುವುದಾದರೆ ದೆಂದೆರಾ. ಲಕ್ಸರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್, ಹಾಥೋರ್ ದೇವಿಯ ಗುಡಿ. ಈಗ ನಿಂತಿರುವ ಕಟ್ಟಡದ ಕೆಲಸ ಶುರುವಾದದ್ದು ಕ್ರಿ.ಪೂ. 54ರ ಜುಲೈಯಲ್ಲಿ, ಸರಿಯಾಗಿ ಈ ಸುಡುಗಾಲದಲ್ಲೇ. ಅದು ಆಕಸ್ಮಿಕವಲ್ಲ. ಎಪ್ಪತ್ತು ದಿನದಷ್ಟು ಕಾಲ ಕಾಣದೆ ಹೋಗಿದ್ದ ಲುಬ್ಧಕ ನಕ್ಷತ್ರ ಜುಲೈ ನಡುವಿನಲ್ಲಿ ಸೂರ್ಯೋದಯಕ್ಕೆ ಮುಂಚೆ ಮತ್ತೆ ಕಾಣಿಸುತ್ತಿತ್ತು. ಅದೇ ಹೊತ್ತಿಗೆ ನೈಲ್ ಏರತೊಡಗುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಹೊಳೆ ತುಂಬುವ ತಿಂಗಳುಗಳಲ್ಲೇ ಇಥಿಯೋಪಿಯಾದ ಎತ್ತರದ ನಾಡಿನಲ್ಲೂ ಮಳೆ. ಆ ನೀರು ಹನಿ ಮಳೆ ಕಾಣದ ಈಜಿಪ್ಟಿಗೆ ನೆರೆಯಾಗಿ ಬರುತ್ತಿತ್ತು. ಅಲ್ಲಿನವರ ಹೊಸ ವರ್ಷ ಅಂದು. ದೆಂದೆರಾದ ಅರ್ಚಕರು ಹೊಸ ವರ್ಷದ ದಿನ ದೇವಿಯ ಮೂರ್ತಿಯನ್ನು ಗೋಡೆಯೊಳಗಿನ ಮೆಟ್ಟಿಲುದಾರಿಯಲ್ಲಿ ಮಾಳಿಗೆಗೆ ಹೊತ್ತು, ಎಳೆಬಿಸಿಲಿಗೆ ತೋರಿಸುತ್ತಿದ್ದರು. ಆ ಮೆರವಣಿಗೆ ಮೆಟ್ಟಿಲಿನ ಎರಡೂ ಬದಿಯ ಗೋಡೆಯಲ್ಲಿ ಕೆತ್ತನೆಯಾಗಿ ಇಂದಿಗೂ ಹತ್ತುತ್ತಲೇ ಇದೆ. ಮುಂದಿನ ಕಂಬಗಳ ಮಂಟಪದಲ್ಲಿ ತಲೆಯೆತ್ತಿ ನೋಡಿ: ಶತಮಾನಗಳ ಮಸಿ ತೊಳೆದ ಮೇಲೆ ಹೊರಬಂದ ನೀಲಿ, ಅದರೊಳಗೆ ಗ್ರಹ, ರಾಶಿ, ದೋಣಿಯೇರಿದ ನಕ್ಷತ್ರಗಳು. ಮೇಲಿನ ಚಿಕ್ಕ ಕೋಣೆಯಲ್ಲಿರುವ ರಾಶಿಚಕ್ರ ಮಾತ್ರ ನಕಲು. ಅಸಲನ್ನು ಫ್ರೆಂಚರು ಕಿತ್ತೊಯ್ದರು, ಅದು ಲೂವ್ರ್‌ನಲ್ಲಿದೆ. 1970ರಲ್ಲಿ ಅಸ್ವಾನಿನ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಆ ನೈಲ್ ನೆರೆಯ ಕಥೆಯೂ ಮುಗಿಯಿತು.

ಎಡ್ಫುವಿನ ಹೋರಸ್ ಗುಡಿ ಕಟ್ಟಲು ಕ್ರಿ.ಪೂ. 237ರಿಂದ 57ರವರೆಗೆ ಹಿಡಿಯಿತು. ಈಜಿಪ್ಟಿನಲ್ಲಿ ಇಷ್ಟು ಇಡಿಯಾಗಿ ಉಳಿದ ಗುಡಿ ಇನ್ನೊಂದಿಲ್ಲ. ಗರ್ಭಗುಡಿಯತ್ತ ನಡೆದಂತೆ ಕತ್ತಲು ಗಟ್ಟಿಯಾಗುತ್ತ ಹೋಗುತ್ತದೆ. ಎಸ್ನಾದ್ದು ಇಪ್ಪತ್ನಾಲ್ಕು ಕಂಬಗಳ ಮಂಟಪ ಒಂದೇ, ಅದೂ ಇಂದಿನ ಬೀದಿಗಿಂತ ಸುಮಾರು ಒಂಬತ್ತು ಮೀಟರ್ ಕೆಳಗೆ. ಈಚಿನ ವರ್ಷಗಳಲ್ಲಿ ಅಲ್ಲಿನ ಬಣ್ಣಗಳನ್ನು ಶುಚಿ ಮಾಡಿದ್ದಾರೆ. ಅರ್ಧ ತಾಸು ಸಾಕು.

ಹಾಗಾದರೆ ಕಾರ್ನಾಕ್ ಬಿಡಬೇಕೆ? ಖಂಡಿತ ಬೇಡ. ಅಲ್ಲಿನ ಮಹಾಮಂಟಪದ ಮಾಡು ಹೋಗಿದ್ದರೂ 134 ಕಂಬಗಳು ಎಷ್ಟು ಒತ್ತಾಗಿವೆಯೆಂದರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ನಡುವಿನ ಹನ್ನೆರಡರ ಎತ್ತರ ಸುಮಾರು 21 ಮೀಟರ್. ಆರಕ್ಕೆ ಹೊಕ್ಕು ಎಂಟೂವರೆಗೆ ಹೊರಬನ್ನಿ. ರಾಜರ ಕಣಿವೆಗೆ ಬೇರೆಯೇ ಒಂದು ಬೆಳಿಗ್ಗೆ ಇಡಿ. ನೆಲದಡಿಯ ಗೋರಿ ಗುಹೆಯ ಹಾಗೆ ತಣ್ಣಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಂಡೆ ವರ್ಷವಿಡೀ ಬೆಚ್ಚಗೇ ಇರುತ್ತದೆ, ಮೇಲೆ ನೂರಾರು ಜನರ ಉಸಿರಿನ ತೇವ. ಸಾಮಾನ್ಯ ಟಿಕೆಟ್ಟಿಗೆ ಮೂರು ಗೋರಿ ನೋಡಬಹುದು. ಹೆಚ್ಚುವರಿ ದುಡ್ಡು ಕೊಡುವುದಿದ್ದರೆ ಟುಟಾಂಖಾಮೆನ್‌ಗಲ್ಲ, ಐದನೆಯ ಮತ್ತು ಆರನೆಯ ರಾಮ್ಸೆಸ್‌ರ ಗೋರಿಗೆ ಕೊಡಿ. ಬಾಲರಾಜ ಟುಟಾಂಖಾಮೆನ್‌ನ ಗೋರಿ ಇಕ್ಕಟ್ಟಿನದು. ಹೊವರ್ಡ್ ಕಾರ್ಟರ್ 1922ರ ನವೆಂಬರ್‌ನಲ್ಲಿ ಅದನ್ನು ಕಂಡಾಗ ಒಳಗಿದ್ದ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಈಗ ಗೀಜಾ ಬಳಿಯ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿವೆ. 2025ರ ನವೆಂಬರ್‌ನಲ್ಲಿ ಪೂರ್ತಿಯಾಗಿ ತೆರೆದ ಆ ಮ್ಯೂಸಿಯಂ ಹವಾನಿಯಂತ್ರಿತ. ಕೈರೋದ ನಿಮ್ಮ ಮಧ್ಯಾಹ್ನಗಳನ್ನೆಲ್ಲ ಅದಕ್ಕೇ ಬರೆದುಕೊಡಿ. ಅಂದಹಾಗೆ, ಕಾರ್ಟರ್ ಸೇರಿದಂತೆ ಲಕ್ಸರಿನಲ್ಲಿ ಅಗೆದವರೆಲ್ಲ ಅಗೆಯುತ್ತಿದ್ದುದು ಮುಖ್ಯವಾಗಿ ಚಳಿಗಾಲದಲ್ಲಿ. ಅವರಿಗೆ ಮೊಮ್ಮಕ್ಕಳ ರಜೆಯ ಕಾಟ ಇರಲಿಲ್ಲ.

ಅಬು ಸಿಂಬೆಲ್ ವಿಷಯದಲ್ಲಿ ಮನೆಯಲ್ಲಿ ಜಗಳವಾಗುವುದು ಖಚಿತ. ಅಸ್ವಾನಿನಿಂದ 280 ಕಿಲೋಮೀಟರ್ ಮರುಭೂಮಿ, ಬೆಳಗಿನ ನಾಲ್ಕಕ್ಕೆ ಹೊರಟರೂ ತಲುಪುವಾಗ ಬಿಸಿಲು ಬಲಿತಿರುತ್ತದೆ. ಆದರೆ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಬೆಟ್ಟದ ಗುಡಿಯನ್ನು 1964ರಿಂದ 68ರವರೆಗೆ ತುಂಡುತುಂಡಾಗಿ ಕೊಯ್ದು 65 ಮೀಟರ್ ಮೇಲಕ್ಕೆ ಏರಿಸಿ ಕೂರಿಸಿದ ಸಾಹಸ ಅದು. ನೋಡಬೇಕು. ವಿಮಾನಕ್ಕೆ ದುಡ್ಡಿದ್ದರೆ ವಿಮಾನ. ಇಲ್ಲವಾದರೆ ಆ ಊರಿನಲ್ಲೇ ಒಂದು ರಾತ್ರಿ ತಂಗಿ ಬೆಳಿಗ್ಗೆ ನೋಡಿ. ಹೋಗಿ ಅದೇ ದಿನ ಬರುವುದು ಹಿರಿಯರಿಗೆ ಬೇಡ. ನೈಲ್ ಕ್ರೂಸ್ ಬಗ್ಗೆಯೂ ನನಗೆ ಒಲವಿಲ್ಲ: ಗುಡಿಗೆ ಹೋಗುವ ಹೊತ್ತನ್ನು ನಿರ್ಧರಿಸುವುದು ಹಡಗಿನ ವೇಳಾಪಟ್ಟಿ, ನೀವಲ್ಲ. ಬೇಸಿಗೆಯಲ್ಲಿ ಚಾಲಕನಿರುವ ಎಸಿ ಕಾರೇ ಸರಿ.

ಬಯ್ಯುತ್ತಲೇ ಹೋಗುವ ಈ ಒಣ ಬಿಸಿಲಿಗೆ ನಾವೂ ಒಂದಿಷ್ಟು ಋಣಿಗಳು. ಕೈರೋದಿಂದ ದಕ್ಷಿಣಕ್ಕೆ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ಗುಡ್ಡೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರಿಗೆ ರಾಶಿ ರಾಶಿ ಪಪೈರಸ್ ಸಿಕ್ಕಿತು. ಅದರಲ್ಲೊಂದು, ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಚಾರಿಷನ್ ಎಂಬ ಗ್ರೀಕ್ ಹೆಣ್ಣಿನ ಪ್ರಹಸನ. ಅದರಲ್ಲಿ ಇಲ್ಲಿನವರು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಷ್ ಎಂಬ ವಿದ್ವಾಂಸರು ಹೇಳಿದರು. ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆದರೆ ಮಳೆ ಬೀಳುವ ಊರಾಗಿದ್ದರೆ ಜಗಳಕ್ಕೂ ಹಾಳೆ ಉಳಿಯುತ್ತಿರಲಿಲ್ಲ. ಅಲ್ಲಿಗೆ ಹೋಗುವ ಶ್ರಮ ಬೇಡ, ನೋಡಲು ಹೆಚ್ಚೇನಿಲ್ಲ.

ಉಡುಪು: ತುಂಬುತೋಳಿನ ಸಡಿಲ ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ, ಇಲ್ಲವೇ ನಮ್ಮ ಛತ್ರಿ; ನಾಚಿಕೆ ಬೇಡ. ಊಟಕ್ಕೆ ಸಸ್ಯಾಹಾರಿಗಳು ಪರದಾಡಬೇಕಿಲ್ಲ, ಕೋಶರಿ, ಫೂಲ್, ತಾಮೆಯಾ ಎಲ್ಲೆಡೆ ಸಿಗುತ್ತವೆ. ಕಬ್ಬಿನ ಹಾಲಿನ ಅಂಗಡಿಗಳೂ ಇವೆ. ಪ್ರವಾಸದ ಕೊನೆಯ ಎರಡು ದಿನ ಅಲೆಕ್ಸಾಂಡ್ರಿಯಾಕ್ಕೆ ಕೊಡಿ. ಸಮುದ್ರದ ಗಾಳಿಯಲ್ಲಿ ಉಷ್ಣಾಂಶ 30ರ ಆಸುಪಾಸು. ಬೇಸಿಗೆಗೆ ಈಜಿಪ್ಟಿನವರೇ ಓಡಿಹೋಗುವ ಊರು ಅದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕಾಣಬೇಕು.

ಕೊನೆಗೆ ಒಂದು ಕೋರಿಕೆ. ಎಡ್ಫುವಿನ ದೋಣಿಕಟ್ಟೆಯಲ್ಲಿ ಕುದುರೆ ಗಾಡಿಯವರು, ಗೀಜಾದಲ್ಲಿ ಒಂಟೆಯವರು ನಿಮ್ಮನ್ನು ಮುತ್ತಿಕೊಳ್ಳುತ್ತಾರೆ. ಮಕ್ಕಳು ಹತ್ತಲೇಬೇಕೆಂದು ಹಟ ಹಿಡಿದರೆ ಬೆಳಿಗ್ಗೆ ಎಂಟರೊಳಗೆ ಹತ್ತಿಸಿ. ಆಮೇಲಿನ ಬಿಸಿಲಲ್ಲಿ ದಯವಿಟ್ಟು ಆ ಪ್ರಾಣಿಗಳನ್ನು ಓಡಿಸಬೇಡಿ, ಟ್ಯಾಕ್ಸಿ ಹಿಡಿಯಿರಿ.